ಶಾಸಕರೇ, ಕಂಪನಿ ಖರೀದಿಗೂ ಒಂದು ಪಟ್ಟಿ ಕೊಡಿಸಿ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಚಳ್ಳಕೆರೆ ತಾಲ್ಲೂಕಿನವನು. ನಮ್ಮದು ಈರುಳ್ಳಿ, ಟೊಮೆಟೊ. ನಮ್ಮ ಭಾವ ದಾವಣಗೆರೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಹಬ್ಬಕ್ಕೆ ಸೇರಿದರೆ ಬೆಳೆಯುವವನ ಕಷ್ಟ, ಮಾರುವವನ ಕಷ್ಟ ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂತು ಕೇಳಬಹುದು. ನಿಮ್ಮ ಕಚೇರಿಗೆ ಅರ್ಜಿ ಕೊಡಬಹುದಿತ್ತು. ಆದರೆ ಸೂಪರ್ ಮಾರ್ಕೆಟ್ ಕಂಪನಿಗಳು ರೈತರ ಮಾಲು ಕೊಳ್ಳುವ ರೀತಿ ನನ್ನೊಬ್ಬನ ವಿಷಯವಲ್ಲ, ಎಲ್ಲರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ಸೂಪರ್ ಮಾರ್ಕೆಟ್‌ನವರು ರೈತರಿಂದ ನೇರವಾಗಿ ಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮಂಡಿಯೇನು ಸ್ವರ್ಗವೇ? ರೈತರಿಂದ ಕಮಿಷನ್ ಹಿಡಿಯಬಾರದು ಅಂತ ನಿಯಮ ಇದ್ದರೂ ತರಕಾರಿ ಮಂಡಿಗಳಲ್ಲಿ ಹಿಡಿಯುತ್ತಾರೆ, ನಿಮಗೂ ಗೊತ್ತು. ತೂಕದಲ್ಲಿ ಮುರಿದುಕೊಳ್ಳುವ ಸೂಟು ಬೇರೆ. ಕಂಪನಿಯವರ ಹತ್ತಿರ ಹಮಾಲಿ ಇಲ್ಲ, ತೂಕ ನೆಟ್ಟಗಿರುತ್ತದೆ, ದುಡ್ಡು ಬ್ಯಾಂಕಿಗೇ ಬರುತ್ತದೆ. ಒಳ್ಳೆಯದೇ.

ತಕರಾರು ಇರುವುದು ಬೇರೆ ಕಡೆ. ಹೈವೇ ಪಕ್ಕದಲ್ಲಿ ಕಂಪನಿಯವರು ಮಾಲು ಕೊಳ್ಳುವ ಒಂದು ಕಲೆಕ್ಷನ್ ಸೆಂಟರ್‌ಗೆ ನಾವು ಟೊಮೆಟೊ ಹಾಕುತ್ತಿದ್ದೆವು. ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಇಷ್ಟು ಕ್ರೇಟ್ ತನ್ನಿ ಅಂತ ಬರುತ್ತದೆ. ರೇಟ್ ಬರುವುದಿಲ್ಲ. ಬೆಳಿಗ್ಗೆ ಕೂಲಿಯವರನ್ನು ಕರೆದು, ಕಿತ್ತು, ಆರಿಸಿ, ಗಾಡಿ ಬಾಡಿಗೆ ಕೊಟ್ಟು ತಗೊಂಡು ಹೋದರೆ ಅಲ್ಲಿನ ಹುಡುಗ ಫೋನ್ ನೋಡಿಕೊಂಡು "ಇವತ್ತು ಅರ್ಧ ಸಾಕಂತೆ ಅಣ್ಣಾ" ಅನ್ನುತ್ತಾನೆ. ಒಂದು ದಿನ ಕಲರ್ ಬಂದಿಲ್ಲ, ಮರುದಿನ ಕಲರ್ ಜಾಸ್ತಿ ಆಯಿತು. ಹುಡುಗನದೇನೂ ತಪ್ಪಿಲ್ಲ, ಮೇಲಿನಿಂದ ಬಂದಿದ್ದನ್ನು ಹೇಳುತ್ತಾನೆ. ಯಾವುದೂ ಬರವಣಿಗೆಯಲ್ಲಿ ಇರುವುದಿಲ್ಲ. ವಾಪಸ್ ಬಂದ ಕ್ರೇಟಿನ ಬಾಡಿಗೆ ನಮ್ಮದೇ.

ಇನ್ನೊಂದು ವಿಚಿತ್ರ ನೋಡಿ. ಕಂಪನಿಯವರು ದರ ಕಟ್ಟುವುದೂ ಮಂಡಿ ದರ ನೋಡಿಕೊಂಡೇ. ಚೆಂದದ ಮಾಲು ಅವರು ಆರಿಸಿಕೊಂಡು ಉಳಿದದ್ದು ಮಧ್ಯಾಹ್ನ ಮಂಡಿಗೆ ಹೋದರೆ ಅಲ್ಲಿ ಕೇಳುವವರು ಕಡಿಮೆ, ದರ ಬೀಳುತ್ತದೆ, ಮರುದಿನ ಆ ಬಿದ್ದ ದರವನ್ನೇ ತೋರಿಸಿ ಕಂಪನಿಯವರೂ ಇಳಿಸುತ್ತಾರೆ. ಮಂಡಿ ಸೊರಗಿದಷ್ಟೂ ಈ ಆಟ ಜಾಸ್ತಿ ಆಗುತ್ತದೆ.

ಭಾವನ ಕಥೆ ಚಿಕ್ಕದು. ಡಿಸ್ಟ್ರಿಬ್ಯೂಟರ್ ಅವರಿಗೆ ಕೊಡುವ ರೇಟಿಗಿಂತ ಕಡಿಮೆಗೆ ಅದೇ ಎಣ್ಣೆ ಪ್ಯಾಕೆಟ್ ದೊಡ್ಡ ಅಂಗಡಿಯಲ್ಲಿ ಸಿಗುತ್ತದೆ. ಸಂಬಳ ಬಂದ ವಾರ ಜನ ನಗದು ಹಿಡಿದು ಅಲ್ಲಿಗೆ ಹೋಗುತ್ತಾರೆ, ತಿಂಗಳ ಕೊನೆಯಲ್ಲಿ ಉದ್ರಿಗೆ ಭಾವನ ಅಂಗಡಿಗೆ ಬರುತ್ತಾರೆ.

ಎಣ್ಣೆ ಅಂದಾಗ ನೆನಪಾಯಿತು. ಚಳ್ಳಕೆರೆಯನ್ನು ಎಣ್ಣೆ ನಗರ ಅನ್ನುತ್ತಿದ್ದರು. 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದನ್ನು ಮುಕ್ತ ಮಾಡಿದರು. ಬರವೂ ಸೇರಿಕೊಂಡು ಶೇಂಗಾ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಸುಂಕ ಏರಿಸುವುದು, ಇಳಿಸುವುದು ದೆಹಲಿಯವರ ಕೆಲಸ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆದರೆ ಮಾರುಕಟ್ಟೆ ಕಾನೂನು ರಾಜ್ಯದ್ದು. ನಮ್ಮ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆ 1966ರದ್ದು. 2020ರ ತಿದ್ದುಪಡಿಯಲ್ಲಿ ಪ್ರಾಂಗಣದ ಹೊರಗಿನ ಖರೀದಿ ಮೇಲೆ ಸಮಿತಿಗಿದ್ದ ಹಿಡಿತ ತೆಗೆದರು. ಅದರ ಪರ, ವಿರೋಧ ಸಾಕಷ್ಟು ಮಾತಾಯಿತು, ಸೆಸ್ ಬಗ್ಗೆಯೂ ಆಯಿತು. ಹೊರಗೆ ಕೊಳ್ಳುವವನು ರೈತನ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬಂದಿದ್ದು ನಾನು ಕೇಳಲಿಲ್ಲ.

ಬೇರೆ ದೇಶಗಳಲ್ಲಿ ಇದನ್ನು ಕಾನೂನಿಗೆ ತಂದಿದ್ದಾರೆ. ಬ್ರಿಟನ್‌ನಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳಿಗೆ 2010ರಲ್ಲೇ ನಿಯಮಾವಳಿ ಬಂತು, 2013ರಲ್ಲಿ ಅದನ್ನು ಜಾರಿ ಮಾಡಿಸಲು ಒಬ್ಬ ಅಧಿಕಾರಿಯನ್ನೇ ಕೂರಿಸಿದರು. ಯುರೋಪಿನ ಒಕ್ಕೂಟ 2019ರಲ್ಲಿ ನಿಯಮ ಮಾಡಿತು: ಬೇಗ ಕೊಳೆಯುವ ಮಾಲಿನ ದುಡ್ಡು 30 ದಿನದೊಳಗೆ ಕೊಡಬೇಕು, ಆರ್ಡರ್ ಕೊಟ್ಟು ಕೊನೆ ಗಳಿಗೆಯಲ್ಲಿ ರದ್ದು ಮಾಡಬಾರದು. ಅಲ್ಲಿ ನಾಲ್ಕೈದು ಕಂಪನಿಗಳ ಕೈಗೆ ವ್ಯಾಪಾರ ಸೇರಿದ ಮೇಲೆ ಎಚ್ಚೆತ್ತರು. ನಮ್ಮಲ್ಲಿ ದಿನಸಿ ವ್ಯಾಪಾರದ ಬಹುಪಾಲು ಇನ್ನೂ ಕಿರಾಣಿಯವರ ಹತ್ತಿರವೇ ಇದೆ. ಆದರೆ ಗಾಳಿ ಯಾವ ಕಡೆ ಅಂತ ಕಾಣುತ್ತಿದೆ ಅಲ್ವಾ? ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ 51ರವರೆಗೆ ವಿದೇಶಿ ಬಂಡವಾಳಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿತು. 2018ರಲ್ಲಿ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್‌ನ ಮುಕ್ಕಾಲು ಪಾಲು ಕೊಂಡಿತು. 2023ರಲ್ಲಿ ಜರ್ಮನಿಯ ಸಗಟು ಅಂಗಡಿಯ ಮೆಟ್ರೋ ಕಂಪನಿಯ ಇಲ್ಲಿನ ವ್ಯಾಪಾರ ರಿಲಯನ್ಸ್ ಪಾಲಾಯಿತು. ಕೊಳ್ಳುವವರು ಕಡಿಮೆ ಆಗುವ ಮೊದಲೇ ನಿಯಮ ಮಾಡುವುದು ಸುಲಭ. ಆಮೇಲೆ ನಿಮ್ಮ ಮಾತನ್ನೂ ಅವರು ಕೇಳಲಿಕ್ಕಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ಮಂಡಿಯಲ್ಲಿ ಪಟ್ಟಿ (ಲೆಕ್ಕದ ಚೀಟಿ) ಕೊಡುವ ಹಾಗೆ ಕಲೆಕ್ಷನ್ ಸೆಂಟರ್‌ನವರೂ ಒಂದು ಪಟ್ಟಿ ಕೊಡಲಿ. ಎಷ್ಟು ಕೇಳಿದ್ದರು, ಎಷ್ಟು ತಗೊಂಡರು, ವಾಪಸ್ ಮಾಡಿದ್ದಕ್ಕೆ ಕಾರಣ ಏನು, ದುಡ್ಡು ಯಾವ ತಾರೀಖಿಗೆ ಅಂತ ಅದರಲ್ಲಿ ಇರಲಿ. ಕನಿಷ್ಠ ದರವನ್ನು ಹಿಂದಿನ ರಾತ್ರಿಯೇ ಹೇಳಲಿ, ಕೇಳಿದಷ್ಟು ತಂದ ಮೇಲೆ ಸುಮ್ನೆ ವಾಪಸ್ ಮಾಡಿದರೆ ಬಾಡಿಗೆ ಅವರೇ ಕೊಡಲಿ. ದೂರು ಕೇಳಲು ಜಿಲ್ಲೆಗೆ ಒಬ್ಬ ಅಧಿಕಾರಿ ಇರಲಿ, ಇಲ್ಲದಿದ್ದರೆ ಬೆಂಗಳೂರಿಗೆ ಅಲೆಯುವವರು ಯಾರು?

ಮುಂದಿನ ಅಧಿವೇಶನದಲ್ಲಿ ಒಂದು ಪ್ರಶ್ನೆ ಹಾಕಿ ಸಾರ್. ಚಿತ್ರದುರ್ಗ ಜಿಲ್ಲೆಯಲ್ಲಿ ಇಂಥ ಸೆಂಟರ್ ಎಷ್ಟಿವೆ, ಯಾರ ಪರವಾನಗಿ ಮೇಲೆ ನಡೆಯುತ್ತಿವೆ, ರೈತರು ತಂದ ಮಾಲಿನಲ್ಲಿ ಎಷ್ಟು ವಾಪಸ್ ಹೋಗುತ್ತಿದೆ ಅಂತ ಕೇಳಿ. ಸಚಿವರು ಏನು ಉತ್ತರ ಕೊಟ್ಟರೂ ಅದನ್ನು ಹೀಗೇ ಎಲ್ಲರ ಮುಂದೆ ಹಾಕುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ