ಆ ಬೀಗದ ಕೈ ನೆನಪಿದೆಯಾ?

ಗೆಳೆಯಾ,

ಭಾನುವಾರ ಫೋನಿನಲ್ಲಿ ಜಾತಿಗಣತಿಯ ಬಗ್ಗೆ ನೀನು ಮಾತು ಮುಗಿಸಿದ ರೀತಿ ನನಗೆ ಹಿಡಿಸಲಿಲ್ಲ. ಉತ್ತರ ಕೊಡಲು ನನಗೂ ಆಗಲಿಲ್ಲ ಬಿಡು. ಬಾಯಿ ಮಾತಿನ ಜಗಳದಲ್ಲಿ ನಿನ್ನನ್ನು ಗೆದ್ದವರನ್ನು ನಾನಂತೂ ಕಾಣೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

"ಜಾತಿ ಎಣಿಸ್ತಾ ಕೂತರೆ ದೇಶ ಒಡೆದುಹೋಗುತ್ತೆ ಕಣೋ. ನಾವೆಲ್ಲ ಭಾರತೀಯರು ಅಂದ್ರೆ ಸಾಲದಾ?" ಅಂದೆ ನೀನು. ಸಾಲದು ಅಂತ ನನಗೆ ಅನ್ನಿಸಿತು. ಯಾಕೆ ಅಂತ ಮಾತ್ರ ತಕ್ಷಣ ಹೊಳೆಯಲಿಲ್ಲ.

ಮಾರನೇ ದಿನ ಬೆಳಗ್ಗೆ ಮಗಳು ಸಂವಿಧಾನದ ಪೀಠಿಕೆ ಹಿಡಿದು ಕೂತಿದ್ದಳು. ಈಗ ಶಾಲೆಗಳಲ್ಲಿ ಪ್ರಾರ್ಥನೆ ಹೊತ್ತಿಗೆ ಅದನ್ನು ಓದಿಸುತ್ತಾರೆ, ಈ ವಾರ ಅವಳ ಸರದಿ. ನ್ಯಾಯ, ಸ್ವಾತಂತ್ರ್ಯ, ಸಮಾನತೆ ಎಲ್ಲ ಸಲೀಸಾಗಿ ದಾಟಿದಳು. 'ಭ್ರಾತೃ' ಅಂತ ಶುರುವಾಗುವ ಪದಕ್ಕೆ ಬಂದು ಮುಗ್ಗರಿಸಿದಳು. ಮೂರು ಸಲ ಹೇಳಿಕೊಟ್ಟೆ, ನಾಲಿಗೆ ಹೊರಳಲಿಲ್ಲ.

"ಹಾಗಂದ್ರೆ ಏನಪ್ಪಾ?"

"ಅಣ್ಣ ತಮ್ಮಂದಿರ ಹಾಗೆ ಇರೋದು."

"ಅಕ್ಕ ತಂಗಿಯರು ಎಲ್ಲಿಗೆ ಹೋದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕನ್ನಡದಲ್ಲಿ 'ಒಡಹುಟ್ಟು' ಅಂತ ಒಳ್ಳೆಯ ಪದವಿದೆ, ಗಂಡಿಗೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ತಮಾಷೆ ನೋಡು, 'ಒಡ' ಅಂದರೆ ಜೊತೆ. ಒಡನಾಟ, ಒಡನಾಡಿ. ಅದಕ್ಕೆ ಒಂದು ಏತ್ವ ಕೊಟ್ಟರೆ 'ಒಡೆ' ಆಗುತ್ತದೆ. ಮುಂದೊಂದು 'ಯ' ಇಟ್ಟರೆ 'ಒಡೆಯ'. ಇದು ಭಾಷಾವಿಜ್ಞಾನ ಅಲ್ಲ ಮಾರಾಯ, ಸುಮ್ನೆ ಹೊಳೆಯಿತು. ನಿನ್ನ 'ಒಡೆದುಹೋಗುತ್ತೆ' ಅನ್ನೋ ಮಾತು ಕಿವಿಯಲ್ಲೇ ಇತ್ತಲ್ಲ.

ಆ 'ಭ್ರಾತೃ' ಪದ ಪೀಠಿಕೆಗೆ ಬಂದ ಕತೆ ನಿನಗೆ ಹೇಳಬೇಕು. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ಸಭೆಯ ಮುಂದೆ ಗುರಿಗಳ ನಿರ್ಣಯ ಮಂಡಿಸಿದರು. ಪೀಠಿಕೆಗೆ ಅದೇ ಬುನಾದಿ. ಅದರಲ್ಲಿ ನ್ಯಾಯ ಇತ್ತು, ಸ್ವಾತಂತ್ರ್ಯ ಇತ್ತು, ಸಮಾನತೆಯೂ ಇತ್ತು. ಈ ಒಡಹುಟ್ಟಿನ ಮಾತು ಇರಲಿಲ್ಲ. ಅದನ್ನು ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷರಾಗಿದ್ದ ಕರಡು ಸಮಿತಿ. ಕರಡಿನ ಜೊತೆ ಅಂಬೇಡ್ಕರ್ ಒಂದು ಪತ್ರ ಕೊಟ್ಟರು. ನಿರ್ಣಯದಲ್ಲಿ ಇಲ್ಲದಿದ್ದರೂ ಇದನ್ನು ಸೇರಿಸಿದ್ದೇವೆ, ದೇಶಕ್ಕೆ ಇದರ ಅಗತ್ಯ ಈಗಿನಷ್ಟು ಹಿಂದೆಂದೂ ಇರಲಿಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ. ಪತ್ರದ ತಾರೀಖು 1948ರ ಫೆಬ್ರುವರಿ 21. ವಿಭಜನೆಯ ರಕ್ತ ಆರಿರಲಿಲ್ಲ. ಗಾಂಧೀಜಿ ಕೊಲೆಯಾಗಿ ಒಂದು ತಿಂಗಳು ಕೂಡ ಆಗಿರಲಿಲ್ಲ.

ಮಿಕ್ಕ ಪದಗಳಿಗೆಲ್ಲ ಕಾನೂನಿನ ಬಲ ಇದೆ. ಸಮಾನತೆಗೆ 14ನೇ ವಿಧಿ ಇದೆ, ಅಸ್ಪೃಶ್ಯತೆಯನ್ನು ತೆಗೆದುಹಾಕಲು 17ನೇ ವಿಧಿ ಇದೆ. 15ನೇ ವಿಧಿಯನ್ನು ಒಮ್ಮೆ ಓದು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೇ ಹೆಸರು ಹಿಡಿದು ಬರೆದಿದ್ದಾರೆ. ಒಂದು ದೇಶದ ಸಂವಿಧಾನ 'ಬಾವಿ' ಅಂತ ಬರೆಯಬೇಕಾಗಿ ಬಂದರೆ ಆ ಬಾವಿಯ ಕಟ್ಟೆಯಲ್ಲಿ ಏನೇನು ನಡೆದಿರಬೇಕು? 1927ರಲ್ಲಿ ಮಹಾರಾಷ್ಟ್ರದ ಮಹಾಡಿನ ಕೆರೆಯಿಂದ ಬೊಗಸೆ ನೀರು ಕುಡಿಯಲು ಅಂಬೇಡ್ಕರರು ಸತ್ಯಾಗ್ರಹ ಮಾಡಬೇಕಾಯಿತು. ಬರೆಸಿದವರಿಗೆ ಅದು ಗೊತ್ತಿತ್ತು. ಆದರೆ ಬಾವಿ, ಕೆರೆ ಪಟ್ಟಿ ಮಾಡಬಹುದು. ಅಡುಗೆಮನೆ, ಮದುವೆ ಚಪ್ಪರ, ಬಾಡಿಗೆ ರೂಮು? ಅಲ್ಲಿ ನಾನು ನೀನು ಹೇಗೆ ನಡೆದುಕೊಳ್ಳುತ್ತೇವೋ ಅಷ್ಟೇ.

ಬಾಡಿಗೆ ರೂಮು ಅಂದಾಗ ನಿನಗೂ ನೆನಪಾಗಿರಬೇಕು.

1994, ಮೈಸೂರು. ಪರೀಕ್ಷೆಗೆ ಓದಲು ನೀನು, ನಾನು, ನಮ್ಮ ಇನ್ನೊಬ್ಬ ಗೆಳೆಯ, ಮೂವರೂ ಸೇರಿ ಒಂದು ರೂಮು ಹಿಡಿಯೋಣ ಅಂದಿದ್ದೆವು. 'ಮನೆ ಬಾಡಿಗೆಗಿದೆ' ಬೋರ್ಡು ಮೊದಲು ನೋಡಿದ್ದು ಆ ಗೆಳೆಯನೇ. ಮೂರು ಸೈಕಲ್ಲೂ ಗೇಟಿನ ಹತ್ತಿರ ನಿಂತವು, ಅವನೂ ಅಲ್ಲೇ ನಿಂತ. ನಾವಿಬ್ಬರು ಒಳಗೆ ಹೋದೆವು. ಮನೆಯೊಡತಿ ರೂಮು ತೋರಿಸಿದರು, ನೀರು ಎಷ್ಟು ಹೊತ್ತಿಗೆ ಬರುತ್ತದೆ ಹೇಳಿದರು, ಆಮೇಲೆ ಮೆಲ್ಲಗೆ, "ನೀವು ಯಾರ ಪೈಕಿ?" ಅಂದರು. ನೀನು ಹೇಳಿದೆ. ಅವರ ಮುಖ ಅರಳಿತು. ಆಮೇಲೆ ಗೇಟಿನ ಕಡೆ ಗದ್ದ ತಿರುಗಿಸಿ, "ಅವನು?" ಅಂದರು.

ನೀನು ಸುಮ್ಮನಿದ್ದೆ. ಮಾತಾಡಿದ್ದು ನಾನು. "ಅವನು ಸುಮ್ನೆ ಜೊತೆಗೆ ಬಂದಿದ್ದಾನೆ" ಅಂದೆ.

ಬೀಗದ ಕೈ ನನ್ನ ಕೈಗೇ ಕೊಟ್ಟರು. ಬಾಗಿಲಿನಿಂದ ಗೇಟಿಗೆ ಹತ್ತು ಹೆಜ್ಜೆ. ಅವನಿಗೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ. ನಾವು ಹತ್ತಿರ ಹೋದಾಗ ನಕ್ಕ. "ಮೂವರಿಗೆ ಇಕ್ಕಟ್ಟಾಗುತ್ತೆ ಕಣ್ರೋ, ನೀವಿಬ್ಬರು ಇರಿ. ನನಗೆ ಹಾಸ್ಟೆಲ್ಲೇ ಸರಿ" ಅಂದ. ರೂಮನ್ನು ಅವನು ಒಳಗೆ ಬಂದು ನೋಡಿರಲೇ ಇಲ್ಲ. ಇಕ್ಕಟ್ಟಾಗುತ್ತೆ ಅಂತ ಹೇಗೆ ಗೊತ್ತಾಯಿತು? ಅವತ್ತು ರಾತ್ರಿ ಇದನ್ನು ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ವರ್ಷ ಆ ರೂಮಿನಲ್ಲಿದ್ದೆವು, ಒಂದು ದಿನವೂ ಅದರ ಮಾತು ಬರಲಿಲ್ಲ. ಇಷ್ಟು ವರ್ಷ ಆದಮೇಲೆ ಇವತ್ತೇ ಮೊದಲು.

ಈಗ ನಿನ್ನ ಮಾತಿಗೆ ಬರುತ್ತೇನೆ. ಎಣಿಸಿದರೆ ಒಡೆಯುತ್ತದೆ ಅಂದೆಯಲ್ಲ? ಎಲ್ಲ ಜಾತಿಗಳನ್ನೂ ಎಣಿಸಿ ಲೆಕ್ಕ ಪ್ರಕಟಿಸಿದ ಕೊನೆಯ ಜನಗಣತಿ 1931ರದು. ನಾವು ಆ ಗೇಟಿನ ಮುಂದೆ ನಿಂತಾಗ 63 ವರ್ಷ ಆಗಿತ್ತು. ಆ ತಾಯಿಗೆ ಯಾವ ಜನಗಣತಿ ಕಲಿಸಿತ್ತು? ಆಕೆ ಕೆಟ್ಟವರೂ ಅಲ್ಲ. ಹಬ್ಬಕ್ಕೆ ನಮಗೆ ಒಬ್ಬಟ್ಟು ಕೊಟ್ಟು ಕಳಿಸುತ್ತಿದ್ದರು. ನಾವು ತಿಂದೆವು.

ಗಣತಿ ಕೈಗೆ ಬಂದರೆ ರಾಜಕಾರಣಿಗಳು ಟಿಕೆಟ್ ಹಂಚೋಕೆ ಬಳಸುತ್ತಾರೆ ಅನ್ನೋದು ನಿಜ. ಈಗ ಅದಿಲ್ಲದೆಯೂ ಅದನ್ನೇ ಮಾಡುತ್ತಿದ್ದಾರೆ. ಮುಂದಕ್ಕೆ ಹೋಗೋಣ.

1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಕೊನೆಯದಾಗಿ ಆಡಿದ ಮಾತುಗಳನ್ನು ಪೂರ್ತಿ ಓದಿದ್ದೀಯಾ? ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ, ಈ ವಿರೋಧಾಭಾಸದೊಳಕ್ಕೆ ಜನವರಿ 26ರಂದು ಕಾಲಿಡುತ್ತಿದ್ದೇವೆ ಅಂದರು. ಅಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಬಿಟ್ಟುಬಿಡುತ್ತಾರೆ. ಸಾವಿರಾರು ಜಾತಿಗಳಾಗಿ ಒಡೆದಿರುವ ಜನ ಒಂದು ರಾಷ್ಟ್ರ ಆಗೋದು ಹೇಗೆ ಅಂತ ಕೇಳಿದರು. ನಾವಿನ್ನೂ ರಾಷ್ಟ್ರವಾಗಿಲ್ಲ ಅಂತ ಬೇಗ ಅರ್ಥಮಾಡಿಕೊಂಡಷ್ಟೂ ಒಳ್ಳೆಯದು ಅಂದರು. ಜಾತಿಗಳೇ ರಾಷ್ಟ್ರವಿರೋಧಿ ಅಂದರು. ನೀನು ಜಾತಿಯ ಮಾತೆತ್ತಿದವರನ್ನು ದೇಶ ಒಡೆಯುವವರು ಅನ್ನುತ್ತೀಯ. ಅಂಬೇಡ್ಕರರ ಬೆರಳು ತೋರಿಸಿದ್ದು ಜಾತಿಯ ಕಡೆಗೆ.

ಆ ವಿರೋಧಾಭಾಸಕ್ಕೆ ನನಗೆ ಮತ್ತೆ ಮತ್ತೆ ನೆನಪಾಗುವ ಉದಾಹರಣೆ ನಮ್ಮ ಮೊದಲ ಮಹಾಚುನಾವಣೆ. 1951-52ರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನಕ್ಕೆ ಓದು ಬರಹ ಗೊತ್ತಿರಲಿಲ್ಲ. ಆದರೂ ವಯಸ್ಸಿಗೆ ಬಂದವರಿಗೆಲ್ಲ ವೋಟು ಕೊಟ್ಟರು, ಗಂಡು ಹೆಣ್ಣು ಅಂತ ನೋಡಲಿಲ್ಲ. ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ವೋಟಿನ ಹಕ್ಕು ಸಿಕ್ಕಿದ್ದು 1971ರಲ್ಲಿ. ಈ ವಿಷಯದಲ್ಲಿ ನನಗೂ ನಿನ್ನಷ್ಟೇ ಹೆಮ್ಮೆ ಇದೆ, ನಿನಗಿಂತ ಜಾಸ್ತಿಯೇ ಇರಬಹುದು. ಆದರೆ ಅದೇ ಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರನ್ನು ತೆಗೆಯಬೇಕಾಯಿತು. ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರು. ದೇಶ ವೋಟು ಕೊಟ್ಟಿತ್ತು. ಮನೆಯವರು ಹೆಸರು ಹೇಳಲಿಲ್ಲ.

ದುಡ್ಡಿನ ಕತೆ ಬೇರೆ ಇದೆ. ದೇಶದ ಒಟ್ಟು ಆಸ್ತಿಯಲ್ಲಿ ನೂರಕ್ಕೆ ಸುಮಾರು 40 ಪಾಲು ಅತಿ ಶ್ರೀಮಂತರಾದ ನೂರಕ್ಕೆ ಒಬ್ಬರ ಕೈಯಲ್ಲಿದೆ ಅಂತ ಅರ್ಥಶಾಸ್ತ್ರಜ್ಞರು 2022-23ಕ್ಕೆ ಲೆಕ್ಕ ಹಾಕಿದ್ದಾರೆ. ಅದರ ಬಗ್ಗೆ ನೀನು ನನಗಿಂತ ಚೆನ್ನಾಗಿ ಕೂಗಾಡುತ್ತೀಯ. ವಿಚಿತ್ರ ಏನೆಂದರೆ ಆ ಎಣಿಕೆಯಿಂದ ದೇಶ ಒಡೆಯುತ್ತೆ ಅಂತ ನಿನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನೊಂದು ಲೆಕ್ಕ ಇದೆ, ಇದು ನಮ್ಮಿಬ್ಬರಿಗೂ ಚುಚ್ಚುವಂಥದ್ದು. 2011-12ರಲ್ಲಿ ದೇಶದಾದ್ಯಂತ ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲಿ ಬೇರೆ ಜಾತಿಯವರನ್ನು ಮದುವೆಯಾದವರು ನೂರಕ್ಕೆ ಸುಮಾರು 5 ಜನ. ಶಾಲೆಯಲ್ಲಿ ಪ್ರತಿಜ್ಞೆ ಹೇಳುವಾಗ ಭಾರತೀಯರೆಲ್ಲ ಸಹೋದರ ಸಹೋದರಿಯರಾದರೆ ಮದುವೆ ಯಾರನ್ನು ಆಗೋದು ಅಂತ ನಗುತ್ತಿದ್ದೆವಲ್ಲ? ಆ ಚಿಂತೆ ನಮಗೆ ಬೇಕಾಗಿಯೇ ಇರಲಿಲ್ಲ. ನಿನ್ನ ಅಕ್ಕನ ಮಗಳಿಗೆ ಗಂಡು ಹುಡುಕುವ ವಾಟ್ಸಾಪ್ ಗುಂಪಿನ ಹೆಸರಿನಲ್ಲೇ ನಮ್ಮ ಒಳಪಂಗಡ ಇದೆ. ಅದರಲ್ಲಿ ನಾನೂ ಇದ್ದೇನೆ. ಹೋದ ತಿಂಗಳು ಎರಡು ಜಾತಕ ಹಾಕಿದವನು ನಾನೇ.

ಹಾಗಾಗಿ ಇದು ನಿನಗೆ ಪಾಠ ಹೇಳೋಕೆ ಬರೆದದ್ದಲ್ಲ. ನಾನು ಜಾತಿ ನೋಡೋನಲ್ಲ ಅಂತ ನೀನು ಹೇಳಿದಾಗ ಅವತ್ತಿನ ಗೇಟು ಕಣ್ಣ ಮುಂದೆ ಬಂತು, ಅಷ್ಟೇ. ನಾವು ನೋಡಲಿಲ್ಲ ನಿಜ. ನಮ್ಮ ಪರವಾಗಿ ಬೇರೆಯವರು ನೋಡಿ, ಬೀಗದ ಕೈ ಕೊಟ್ಟರು.

ಅವನ ನಂಬರು ಸಿಕ್ಕಿದೆ. ಹಳೆಯ ಸಹಪಾಠಿಯೊಬ್ಬ ಕೊಟ್ಟ. ನಾಲ್ಕು ದಿನದಿಂದ ಫೋನಿನಲ್ಲಿದೆ, ಒತ್ತಲು ಆಗುತ್ತಿಲ್ಲ. ಏನಂತ ಶುರು ಮಾಡೋದು? ಕ್ಷಮಿಸು ಅಂದರೆ ಅವನು ಮತ್ತೆ ನಕ್ಕು 'ಅಯ್ಯೋ ಬಿಡೋ' ಅನ್ನಬೇಕಾಗುತ್ತದೆ. ಆ ಕೆಲಸವನ್ನೂ ಅವನಿಗೇ ಹೊರಿಸಿದ ಹಾಗೆ. ನಮ್ಮನ್ನು ನೋಡಲು ಅವನಿಗೆ ಇಷ್ಟ ಇಲ್ಲದೆಯೂ ಇರಬಹುದು. ಅದಕ್ಕೂ ಅವನಿಗೆ ಹಕ್ಕಿದೆ.

ದಸರಾ ರಜಕ್ಕೆ ಬರುತ್ತೀಯಲ್ಲ? ಬರುವ ಮೊದಲು ಒಂದು ಮಾತು ಬರಿ. ಅವನು ಸರಿ ಅಂದರೆ ಇಬ್ಬರೂ ಹೋಗೋಣವಾ? ಫೋನು ಮಾಡಬೇಡ. ಫೋನಿನಲ್ಲಿ ಮತ್ತೆ ನೀನೇ ಗೆಲ್ಲುತ್ತೀಯ.

ನಿನ್ನ ಗೆಳೆಯ