ಕಾಂತಬಲದ ಹಳೆಯ ಲೆಕ್ಕ ಇಟ್ಟಿಗೆಯಲ್ಲಿದೆ

ಮಾನ್ಯ ಸಂಪಾದಕರೇ,

ಭೂಮಿಯ ಕಾಂತಬಲ ಕುಸಿಯುತ್ತಿದೆ, ಅದರ ಕಾಂತಧ್ರುವಗಳು ಇನ್ನೇನು ಅದಲುಬದಲಾಗಲಿವೆ ಎಂದು ನಿಮ್ಮ ಭಾನುವಾರದ ಪುಟದಲ್ಲಿ ಬಂದ ಬರಹವನ್ನು ನಮ್ಮ ಬೀದಿಯ ಹೋಟೆಲಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿದರು. ಹಾಲು ಹಾಕಲು ಬಂದವರು, ‘ಹಾಗಾದರೆ ಬೋರ್‌ವೆಲ್ ನೀರೂ ಹೋಗುತ್ತದೆಯೇ ಸ್ವಾಮಿ?’ ಎಂದರು. ಕೋಲಾರ ಜಿಲ್ಲೆಯವರಿಗೆ ಯಾವ ಸುದ್ದಿ ಕೇಳಿದರೂ ಮೊದಲು ನೆನಪಾಗುವುದು ನೀರು.

ಬರಹದ ಅಂಕಿ ತಪ್ಪಲ್ಲ. 1830ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಗೌಸ್ ಅಳೆಯಲು ತೊಡಗಿದಂದಿನಿಂದ ಕಾಂತಬಲ ಸುಮಾರು ಶೇ 10ರಷ್ಟು ಇಳಿದಿದೆ. ಆದರೆ ಅದಕ್ಕೂ ಮೊದಲು ಎಷ್ಟಿತ್ತು ಎಂಬ ಮಾತೇ ಅಲ್ಲಿರಲಿಲ್ಲ. ಹಿಂದೆ ಕೋಡಿ ಹರಿದ ವರ್ಷಗಳನ್ನೂ ತಳ ಕಂಡ ವರ್ಷಗಳನ್ನೂ ಬಿಟ್ಟು, ಹೋದ ವಾರಕ್ಕಿಂತ ಎರಡು ಗೇಣು ಇಳಿಯಿತು, ಕೆರೆ ಬತ್ತಿತು ಎಂದಂತಾಯಿತು.

ಆ ಹಳೆಯ ಲೆಕ್ಕ ನನ್ನ ಕಸುಬಿನಲ್ಲೇ ಇದೆ. ಮಾಲೂರಿನಲ್ಲಿ ಇಪ್ಪತ್ತೆಂಟು ವರ್ಷ ಇಟ್ಟಿಗೆ ಗೂಡು ನಡೆಸಿದವನು ನಾನು. ಮಣ್ಣಿನಲ್ಲಿ ಕಬ್ಬಿಣದ ಅಂಶವಿರುತ್ತದೆ, ಇಟ್ಟಿಗೆ ಕೆಂಪಾಗುವುದು ಅದರಿಂದಲೇ. ನೀಲಗಿರಿ ಸೌದೆಯ ಬೆಂಕಿಯಲ್ಲಿ ಕಾವು ಏಳುನೂರು ಡಿಗ್ರಿ ದಾಟಿತೆಂದರೆ ಆ ಕಣಗಳ ಹಳೆಯ ಕಾಂತತೆ ಪೂರಾ ಅಳಿಸಿಹೋಗುತ್ತದೆ. ಗೂಡು ಆರುವಾಗ ಅವು ಆ ಹೊತ್ತಿನ ಭೂಮಿಯ ಕಾಂತಬಲವನ್ನು ಹೊಸದಾಗಿ ಹಿಡಿದುಕೊಳ್ಳುತ್ತವೆ. ಬಲ ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಪೂರ್ತಿ ಆರುವ ಮೊದಲು ಗೂಡಿನ ಬಾಯಿ ತೆಗೆಯಬೇಡ ಎಂದು ನನ್ನ ತಂದೆ ಗದರುತ್ತಿದ್ದುದು ಇಟ್ಟಿಗೆ ಸೀಳೀತೆಂದು. ಒಳಗೆ ಇಂಥದ್ದೊಂದು ನಡೆಯುತ್ತಿದೆ ಎಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಭೌತಶಾಸ್ತ್ರ ಓದಿದ ಮಗಳು ಹೇಳಿದಾಗ ನಾನು ನಂಬಲಿಲ್ಲ. ಮೊಮ್ಮಗನ ದಿಕ್ಸೂಚಿಯನ್ನು ಜಗಲಿಯ ಮೇಲಿಟ್ಟು ಸುಟ್ಟ ಇಟ್ಟಿಗೆಯನ್ನು ಅದಕ್ಕೆ ತಾಗುವಷ್ಟು ಹತ್ತಿರ ತಂದೆ. ಮುಳ್ಳು ಕೂದಲೆಳೆಯಷ್ಟು ವಾಲಿತು. ಇಟ್ಟಿಗೆಯನ್ನು ತಿರುಗಿಸಿ ಹಿಡಿದರೆ ಆಚೆಗೆ ವಾಲಿತು. ಹಸಿ ಇಟ್ಟಿಗೆ ತಂದಿಟ್ಟರೆ ಮುಳ್ಳು ಕದಲಲೇ ಇಲ್ಲ.

ಅಳೆಯುವ ಬಗೆಯೂ ಸರಳ. ಫ್ರಾನ್ಸಿನ ಎಮಿಲ್ ಮತ್ತು ಓಡೆಟ್ ಥೆಲ್ಲಿಯೇ ದಂಪತಿ ರೂಪಿಸಿದ್ದು. ಚೂರನ್ನು ಹಂತಹಂತವಾಗಿ ಕಾಯಿಸಿ, ಪ್ರತಿ ಹಂತದಲ್ಲಿ ಹಳೆಯ ಕಾಂತತೆ ಎಷ್ಟು ಕಳೆಯಿತು ಎಂದು ನೋಡುತ್ತಾರೆ. ಅದೇ ಕಾವಿನಿಂದ, ತಮಗೆ ಗೊತ್ತಿರುವ ಬಲದಲ್ಲಿ ಮತ್ತೆ ಆರಿಸಿ ಎಷ್ಟು ಗಳಿಸಿತು ಎಂದು ನೋಡುತ್ತಾರೆ. ಕಳೆದದ್ದಕ್ಕೂ ಗಳಿಸಿದ್ದಕ್ಕೂ ಇರುವ ಪ್ರಮಾಣದಿಂದ ಹಳೆಯ ಬಲ ಸಿಗುತ್ತದೆ. ಗೂಡಿನಿಂದ ತೆಗೆದ ಇಟ್ಟಿಗೆ ಆಗ ಯಾವ ದಿಕ್ಕಿಗಿತ್ತು ಎಂಬುದು ಕಳೆದುಹೋದರೂ ಈ ಬಲದ ಲೆಕ್ಕ ಮಾತ್ರ ಕೆಡುವುದಿಲ್ಲ. ನಾವು ಅಚ್ಚಿನಲ್ಲಿ ಹೆಸರಿನ ಮೊದಲಕ್ಷರ ಒತ್ತುವಂತೆ ಮೆಸೊಪೊಟೇಮಿಯದ, ಅಂದರೆ ಇಂದಿನ ಇರಾಕ್ ಸೀಮೆಯ, ಹಳೆಯ ದೊರೆಗಳು ತಮ್ಮ ಹೆಸರನ್ನೇ ಒತ್ತಿಸಿದ್ದರು. ಹೆಸರಿನಿಂದ ಕಾಲ ಗೊತ್ತಾಯಿತು. ಅಂಥ 32 ಇಟ್ಟಿಗೆಗಳನ್ನು ಅಳೆದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಅಲ್ಲಿ ಕಾಂತಬಲ ಇಂದಿಗಿಂತ ಬಹಳ ಹೆಚ್ಚಿತ್ತು.

ಇನ್ನೂ ಹಿಂದಕ್ಕೆ ಹೋದರೆ ಇಟ್ಟಿಗೆ ಸುಡಲು ಮನುಷ್ಯನಿಲ್ಲ. ಆ ಕೆಲಸವನ್ನು ಲಾವಾ ಮಾಡಿದೆ. ಹರಿದ ಲಾವಾದ ಅಡಿಯಲ್ಲಿ ಸಿಕ್ಕಿ ಬೆಂದ ಜೇಡಿಮಣ್ಣನ್ನು ಫ್ರಾನ್ಸಿನಲ್ಲಿ ಪರೀಕ್ಷಿಸಿದ ವಿಜ್ಞಾನಿ ಬ್ರೂನ್, ಅದರ ಕಾಂತತೆಯ ದಿಕ್ಕು ಇಂದಿನದಕ್ಕೆ ಉಲ್ಟಾ ಇರುವುದನ್ನು 1906ರಲ್ಲಿ ವರದಿ ಮಾಡಿದರು. ಧ್ರುವಗಳು ಕಡೆಯ ಬಾರಿ ಪೂರ್ತಿ ಅದಲುಬದಲಾದದ್ದು ಸುಮಾರು 7,80,000 ವರ್ಷಗಳ ಹಿಂದೆ. ಸರೋವರ, ಸಾಗರಗಳ ತಳದ ಕೆಸರಿನಲ್ಲೂ ಲೆಕ್ಕವಿದೆ. ಸಣ್ಣ ಕಣಗಳು ದಿಕ್ಸೂಚಿ ಮುಳ್ಳಿನಂತೆ ತಿರುಗುತ್ತ ಇಳಿದು, ಮೇಲೆ ಮಣ್ಣು ಬಿದ್ದು ಗಟ್ಟಿಯಾದಾಗ ಹಾಗೆಯೇ ಉಳಿಯುತ್ತವೆ. ಆದರೆ ಕೆಸರಿನಲ್ಲಿ ಕಬ್ಬಿಣ ಹೆಚ್ಚು ಬಿದ್ದಿದ್ದರೂ ಕಾಂತತೆ ಹೆಚ್ಚು ಕಾಣುತ್ತದೆ. ಅದನ್ನು ಕಳೆದು ನೋಡಬೇಕು, ಆಮೇಲೂ ಏರಿಳಿತ ಸಿಗುತ್ತದೆಯೇ ಹೊರತು ನೇರ ಅಳತೆ ಸಿಗುವುದಿಲ್ಲ. ಬೇಸಿಗೆಗೊಮ್ಮೆ ಬತ್ತಿ ಬಿರಿದು ದನಗಳು ತುಳಿಯುವ ನಮ್ಮ ಕೆರೆಗಳ ಗೋಡಿನಲ್ಲಿ ಅದನ್ನು ಹುಡುಕುವ ಆಸೆ ನನಗಿಲ್ಲ.

ಇವೆಲ್ಲ ಸೇರಿ ಹೇಳುವುದಿಷ್ಟು: ಸುಮಾರು 41,000 ವರ್ಷಗಳ ಹಿಂದೆ ಕಾಂತಬಲ ಇಂದಿನದರ ಸಣ್ಣ ಪಾಲಿಗೆ ಕುಗ್ಗಿ ಮತ್ತೆ ಚೇತರಿಸಿಕೊಂಡಿತು. ಈಗಿನ ಬಲ ಕಳೆದ ಕೆಲವು ಲಕ್ಷ ವರ್ಷಗಳ ಸರಾಸರಿಗಿಂತ ಕಡಿಮೆಯೇನಲ್ಲ. ಈ ಎರಡು ಸಾಲನ್ನು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ ಎಂಬುದು ನನ್ನ ಕೋರಿಕೆ.

ಜಿಲ್ಲೆಯ ಓದುಗರಿಗೂ ಒಂದು ಮಾತು. ಬಾಗಿಲವಾಡದ ಮೇಲೆ ಇಸವಿ ಕೆತ್ತಿದ ಹಳೆಯ ಮನೆ ಕೆಡವುವಾಗ ಎರಡು ಇಟ್ಟಿಗೆ ಎತ್ತಿಡಿ, ಜೊತೆಗೆ ಆ ಇಸವಿಯನ್ನೂ ಬರೆದಿಡಿ. ನನ್ನ ಹಿತ್ತಲಲ್ಲಿ ತಂದೆಯವರ ಅಚ್ಚಿನವು ಮೂರಿವೆ. ‘ಮುಂಬೈಯ ಕೊಲಾಬಾದಲ್ಲಿ 1841ರಿಂದಲೇ ಕಾಂತಬಲ ಅಳೆದಿಟ್ಟಿದ್ದಾರೆ, ನಿಮ್ಮದು ಯಾರಿಗೆ ಬೇಕು ಅಪ್ಪಾ’ ಎಂದು ಮಗಳು ನಗುತ್ತಾಳೆ. ವಿಧಾನ ಸರಿಯಿದೆಯೇ ಎಂದು ತಾಳೆ ನೋಡಲಾದರೂ ಬೇಕಾದೀತು. ಯಾರಾದರೂ ಕೇಳಿದರೆ ಒಂದನ್ನು ಒಡೆಯಲು ಕೊಡುತ್ತೇನೆ. ಉಳಿದೆರಡರ ಮೇಲೆ ತುಳಸಿ ಕುಂಡ ಕೂತಿದೆ.

– ಇಟ್ಟಿಗೆ ಗೂಡಿನ ಹಳೆಯ ಮಾಲೀಕ, ಮಾಲೂರು, ಕೋಲಾರ ಜಿಲ್ಲೆ