ನೀರಿನ ಸುದ್ದಿಗೆ ಬೇರೆ ಗುಂಪಿರಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ನಿವಾಸಿಗಳು ಮಾಡಿಕೊಂಡಿರುವ ವಾಟ್ಸ್‌ಆ್ಯಪ್ ಗುಂಪುಗಳು ಬೇಕಾದ ಹೊತ್ತಿಗೇ ಉಪಯೋಗಕ್ಕೆ ಬಾರದಂತಾಗಿವೆ. ಮಲಪ್ರಭೆಯ ನೀರು ಹಲವು ದಿನಗಳಿಗೊಮ್ಮೆ ಬರುವ ಓಣಿಗಳಲ್ಲಿ ‘ಇಂದು ಸಂಜೆ 6ಕ್ಕೆ ನೀರು’ ಎಂಬ ಸಾಲು ಶುಭೋದಯದ ಹೂವು, ಹುಟ್ಟುಹಬ್ಬದ ಹಾರೈಕೆ, ಎಲ್ಲಿಂದಲೋ ಬಂದ ವಿಡಿಯೊಗಳ ಅಡಿ ಹೂತುಹೋಗುತ್ತದೆ. ಬೇಸತ್ತವರು ಗುಂಪನ್ನು ಮ್ಯೂಟ್ ಮಾಡುತ್ತಾರೆ. ನೀರು ಬಂದು ಹೋದದ್ದು ಅವರಿಗೆ ತಿಳಿಯುವುದು ಮರುದಿನ, ಖಾಲಿ ಕೊಡ ಕಂಡಾಗ.

ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ. ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಸೆಟ್ಟಿಂಗ್ ಬದಲಿಸಿದ ಗುಂಪೊಂದು ಸಾಕು. ಹರಟೆಯ ಗುಂಪು ಬೇರೆ ಇರಲಿ. ಹರಟೆಯಿಲ್ಲದ ಓಣಿ ಎಂಥ ಓಣಿ! ಅಡ್ಮಿನ್ ಒಬ್ಬರೇ ಆದರೆ ಅವರು ಪರವೂರಿಗೆ ಹೋದ ದಿನ ಗುಂಪು ಮೂಕವಾಗುತ್ತದೆ. ಆದ್ದರಿಂದ ಓಣಿಯ ಎರಡು ತುದಿಗಳಿಗೆ ಒಬ್ಬೊಬ್ಬರು, ವಾಲ್ವ್ ಸಮೀಪದ ಮನೆಯವರೊಬ್ಬರು, ಹೀಗೆ ಕನಿಷ್ಠ 3 ಜನರಿರಬೇಕು. ವಾರದ ವೇಳಾಪಟ್ಟಿಯನ್ನು 7 ದಿನಗಳಿಗೆ ಪಿನ್ ಮಾಡಿದರೆ ಯಾರೂ ಹುಡುಕಾಡಬೇಕಿಲ್ಲ. ಪೈಪ್ ಒಡೆದರೆ ಬರೀ ಚಿತ್ರ ಸಾಲದು. ‘ಗುಡಿ ಹತ್ತಿರ’ ಎಂದರೆ ದುರಸ್ತಿಗೆ ಬಂದವರು ಯಾವ ಗುಡಿ ಎಂದು ಹುಡುಕಬೇಕು? ಚಿತ್ರದ ಜೊತೆ ಲೊಕೇಶನ್, ಹತ್ತಿರದ ಮನೆ ಸಂಖ್ಯೆ, ಸೋರಿಕೆ ಕಂಡ ಸಮಯ ಇರಲಿ.

ಪಾಲಿಕೆಯ ಎಲ್ಲ ವಾರ್ಡ್‌ಗಳಲ್ಲೂ ನೀರು ಬಿಡುವ ಸಿಬ್ಬಂದಿಯನ್ನು ಇಂಥ ಗುಂಪಿಗೆ ಸೇರಿಸಿ, ವಾಲ್ವ್ ತಿರುಗಿಸುವ ಒಂದು ಗಂಟೆ ಮೊದಲು ಅವರಿಂದಲೇ ಸಂದೇಶ ಹಾಕಿಸಬೇಕು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗಾಗಿ ಅದೇ ಸಾಲನ್ನು ಮೂಲೆಯ ಕಿರಾಣಿ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಬೇಕು.

– ಓದುಗ, ಹುಬ್ಬಳ್ಳಿ